ರಸ್ತೆಯಿಲ್ಲದ ಊರಿಗೆ ಡ್ರೋನ್ ಜಾಲ: ಮುಕ್ತ ತಂತ್ರಾಂಶವೊಂದಿದ್ದರೆ ಸಾಕೇ?

ಪ್ರಶ್ನೆ: ನಾವು ಗುಡ್ಡಗಾಡಿನ ಹನ್ನೆರಡು ಹಳ್ಳಿಗಳಲ್ಲಿ ಕೆಲಸ ಮಾಡುವ ಆರೋಗ್ಯ ಸ್ವಯಂಸೇವಕರು. ಮಳೆಗಾಲದ ಮೂರು ನಾಲ್ಕು ತಿಂಗಳು ರಸ್ತೆ ಕೊಚ್ಚಿಹೋಗಿರುತ್ತದೆ. ನಮ್ಮಲ್ಲಿ ಇಬ್ಬರಿಗೆ ಡ್ರೋನ್ ಜೋಡಿಸಿ ಹಾರಿಸಿದ ಅನುಭವವಿದೆ. ಆರ್ಡುಪೈಲಟ್‌ನಂಥ ಓಪನ್ ಸೋರ್ಸ್ (ಒಳಗಿನ ಸಂಕೇತ ಎಲ್ಲರಿಗೂ ತೆರೆದಿರುವ, ಮುಕ್ತ) ತಂತ್ರಾಂಶ ಬಳಸಿ ಔಷಧ ಸಾಗಿಸುವ ಜಾಲವನ್ನು ನಾವೇ ಕಟ್ಟಿಕೊಳ್ಳಬಹುದೇ, ಇಲ್ಲವೇ ಕಂಪನಿಯನ್ನು ಕರೆಯಬೇಕೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಟ್ಟಿಕೊಳ್ಳಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಡ್ರೋನ್ ಹಾರಿಸುವುದು ಒಂದು ಕೆಲಸ, ಜಾಲ ನಡೆಸುವುದು ಇನ್ನೊಂದು. ಮೊದಲನೆಯದನ್ನು ಮುಕ್ತ ತಂತ್ರಾಂಶ ಬರೆದವರು ಬಹುಮಟ್ಟಿಗೆ ಮುಗಿಸಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಎರಡನೆಯದನ್ನು ಯಾರೂ ಬರೆದುಕೊಡಲಾರರು. ಡ್ರೋನ್ ಇಳಿಯುವ ಹೊತ್ತಿಗೆ ಬಯಲಿನಿಂದ ಮಕ್ಕಳನ್ನೂ ದನಗಳನ್ನೂ ದೂರ ಸರಿಸುವವರು, ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕುವವರು, ಪೆಟ್ಟಿಗೆ ಬಿಚ್ಚಿ ಸಹಿ ಹಾಕುವ ದಾದಿ, ಇವರೇ ಆ ಜಾಲ. ನಾನು ಈ ಕ್ಷೇತ್ರದಲ್ಲಿ ಕಂಡ ಸೋಲುಗಳಲ್ಲಿ ಹೆಚ್ಚಿನವು ನೆಲದ ಮೇಲೆ ಆದವು, ಆಕಾಶದಲ್ಲಲ್ಲ. ಆದ್ದರಿಂದ ಈ ಉತ್ತರದಲ್ಲಿ ನೆಲದ ಮಾತೇ ಹೆಚ್ಚು ಬರುತ್ತದೆ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ಎಂದು ನೋಡೋಣ. ಡ್ರೋನನ್ನು ತಾನಾಗಿಯೇ ಹಾರಿಸುವ ಆಟೋಪೈಲಟ್ ತಂತ್ರಾಂಶ ಆರ್ಡುಪೈಲಟ್ 2009ರ ಸುಮಾರಿಗೆ ಹವ್ಯಾಸಿಗಳ ನಡುವೆ ಹುಟ್ಟಿತು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೊರೆಂಜ್ ಮೈಯರ್ ಮತ್ತು ಗೆಳೆಯರು ಪಿಕ್ಸ್‌ಹಾಕ್ ಯೋಜನೆ ಆರಂಭಿಸಿದರು. ಪಿಎಕ್ಸ್-4 ಎಂಬ ಇನ್ನೊಂದು ಆಟೋಪೈಲಟ್ ಬೆಳೆದದ್ದು ಅಲ್ಲಿಂದ. ಡ್ರೋನ್ ಮತ್ತು ನೆಲದ ಕಂಪ್ಯೂಟರ್ ಮಾತಾಡಿಕೊಳ್ಳುವ ಮ್ಯಾವ್‌ಲಿಂಕ್ ಎಂಬ ಸಂದೇಶ ಪದ್ಧತಿಯನ್ನು ಅವರೇ 2009ರಲ್ಲಿ ಬಿಡುಗಡೆ ಮಾಡಿದರು. ಇವತ್ತು ಒಂದು ಪಿಕ್ಸ್‌ಹಾಕ್ ಬೋರ್ಡ್ (ಡ್ರೋನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕೊಂಡರೆ ಅದರಲ್ಲಿ ಎರಡರಲ್ಲಿ ಯಾವ ಆಟೋಪೈಲಟ್ ಬೇಕಾದರೂ ಹಾಕಬಹುದು. ಮಾರ್ಗ ಗುರುತಿಸಲು ಮಿಷನ್ ಪ್ಲಾನರ್, ಕ್ಯೂಗ್ರೌಂಡ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶಗಳಿವೆ. ನಿಮ್ಮ ಕಣಿವೆಯ ನಕ್ಷೆಯನ್ನು ನೀವೇ ತಯಾರಿಸಿಕೊಳ್ಳಲು ಓಪನ್‌ಡ್ರೋನ್‌ಮ್ಯಾಪ್ ಇದೆ.

ಎರಡರ ನಡುವೆ ಪರವಾನಗಿಯ ವ್ಯತ್ಯಾಸವೊಂದಿದೆ. ಆರ್ಡುಪೈಲಟ್ ಜಿಪಿಎಲ್ ಪರವಾನಗಿಯಡಿ ಬರುತ್ತದೆ. ಯಾರಾದರೂ ಅದನ್ನು ಮಾರ್ಪಡಿಸಿ ನಿಮಗೆ ಯಂತ್ರ ಮಾರಿದರೆ, ಮಾರ್ಪಡಿಸಿದ ತಂತ್ರಾಂಶದ ಸಂಕೇತವನ್ನೂ (ಸೋರ್ಸ್ ಕೋಡ್) ನೀವು ಕೇಳಿ ಪಡೆಯಬಹುದು. ಪಿಎಕ್ಸ್-4ರ ಬಿಎಸ್‌ಡಿ ಪರವಾನಗಿಯಲ್ಲಿ ಕಂಪನಿಗಳು ತಮ್ಮ ಬದಲಾವಣೆಗಳನ್ನು ಗುಟ್ಟಾಗಿಟ್ಟುಕೊಳ್ಳಬಹುದು. ಪರವಾನಗಿಯ ವಿಚಾರದಲ್ಲೇ ಮನಸ್ತಾಪ ಬೆಳೆದು 2016ರಲ್ಲಿ ಆರ್ಡುಪೈಲಟ್ ತಂಡ ಡ್ರೋನ್‌ಕೋಡ್ ಎಂಬ ಡ್ರೋನ್ ತಂತ್ರಾಂಶ ಒಕ್ಕೂಟದಿಂದ ಹೊರಬಂದಿತು. ಹಾರಾಟದ ಗುಣಮಟ್ಟದಲ್ಲಿ ಎರಡೂ ಒಳ್ಳೆಯವೇ. ನಿಮ್ಮಂಥ ತಂಡಕ್ಕೆ ನಾನು ಆರ್ಡುಪೈಲಟ್ ಹೇಳುತ್ತೇನೆ. ಮುಂದೆ ಯಾರಿಂದಲಾದರೂ ಯಂತ್ರ ಕೊಂಡರೂ ಒಳಗೇನಿದೆ ಎಂದು ಕೇಳುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ.

ಈ ಹಕ್ಕು ಯಾವಾಗ ಬೇಕಾಗುತ್ತದೆ ಎಂಬುದಕ್ಕೆ ನಾನೇ ನಿಂತು ನೋಡಿದ ಒಂದು ಘಟನೆ ಹೇಳುತ್ತೇನೆ. ಪ್ರಯೋಗವೊಂದರಲ್ಲಿ ನಮ್ಮ ನೆಲೆ ಗುಡ್ಡದ ತಲೆಯ ಮೇಲಿತ್ತು. ಔಷಧ ತಲುಪಬೇಕಿದ್ದ ಉಪಕೇಂದ್ರ 200 ಮೀಟರ್ ಕೆಳಗಿನ ಕಣಿವೆಯಲ್ಲಿತ್ತು. ಮಾರ್ಗದ ಎತ್ತರವನ್ನು 60 ಮೀಟರ್ ಎಂದು ಕೊಟ್ಟಿದ್ದೆವು. ಹೋಗುವಾಗ ಎಲ್ಲವೂ ಸರಿಯಾಗಿಯೇ ನಡೆಯಿತು. ಕೆಳಗೆ ಇಳಿಯಿತು, ಮೋಟಾರು ನಿಂತಿತು, ದಾದಿ ಪೆಟ್ಟಿಗೆ ತೆಗೆದುಕೊಂಡು ಖಾಲಿ ಪೆಟ್ಟಿಗೆ ಇಟ್ಟರು. ಮರಳಿ ಹೊರಟ ಡ್ರೋನ್ 60 ಮೀಟರ್ ಏರಿ ನೇರವಾಗಿ ಗುಡ್ಡದ ಮೈಗೆ ಹೋಗಿ ಬಡಿಯಿತು. ಎಲ್ಲರೂ ಜಿಪಿಎಸ್ ಕೆಟ್ಟಿತು ಎಂದರು, ಗಾಳಿ ಎಂದರು. ಜೊತೆಗಿದ್ದ, ಅದೇ ಊರಿನಲ್ಲಿ ಮೊಬೈಲ್ ದುರಸ್ತಿ ಮಾಡುತ್ತಿದ್ದ ಹುಡುಗ ಮಾತ್ರ ಮುರಿದ ಯಂತ್ರದಿಂದ ಮೆಮೊರಿ ಕಾರ್ಡ್ ತೆಗೆದು ಹಾರಾಟದ ದಾಖಲೆಯನ್ನು ಪರದೆಯ ಮೇಲೆ ಬಿಡಿಸಿಟ್ಟ. ಎತ್ತರದ ಗೆರೆ ಎರಡನೇ ಹಾರಾಟದಲ್ಲಿ ಸೊನ್ನೆಯಿಂದ ಆರಂಭವಾಗಿತ್ತು.

ಕಾರಣ ಸರಳವಾಗಿತ್ತು. ಮೋಟಾರು ಪ್ರತಿಸಲ ಚಾಲನೆಗೆ ಸಿದ್ಧವಾದಾಗ ಆಟೋಪೈಲಟ್ ತಾನು ನಿಂತ ಜಾಗವನ್ನೇ 'ಮನೆ' ಎಂದು ಗುರುತು ಹಾಕಿಕೊಳ್ಳುತ್ತದೆ. ನಾವು ಕೊಟ್ಟಿದ್ದ 60 ಮೀಟರ್ ಆ ಮನೆಯಿಂದ ಅಳೆದದ್ದು. ಹೋಗುವಾಗ ಅದು ಗುಡ್ಡದ ತಲೆಯಿಂದ 60 ಮೀಟರ್ ಮೇಲಿತ್ತು, ಬರುವಾಗ ಕಣಿವೆಯ ತಳದಿಂದ 60 ಮೀಟರ್ ಮೇಲೆ, ಅಂದರೆ ಗುಡ್ಡದ ಸೊಂಟದ ಮಟ್ಟಕ್ಕೂ ಕೆಳಗೆ. ತಪ್ಪು ಯಂತ್ರದ್ದಲ್ಲ, ನಮ್ಮದು. ಸಮುದ್ರಮಟ್ಟದಿಂದ ಇಲ್ಲವೇ ನೆಲದ ಏರಿಳಿತಕ್ಕೆ ತಕ್ಕಂತೆ ಎತ್ತರ ಕೊಡುವ ಸೌಲಭ್ಯ ಆರ್ಡುಪೈಲಟ್‌ನಲ್ಲಿ ಆಗಲೇ ಇತ್ತು. ಅಂದು ಸಂಜೆಯೇ ಎಲ್ಲ ಮಾರ್ಗಗಳನ್ನೂ ತಿದ್ದಿದೆವು. ಒಳಗಿನ ತಂತ್ರಾಂಶ, ದಾಖಲೆ ತೋರಿಸದ ಮುಚ್ಚಿದ ಯಂತ್ರವಾಗಿದ್ದರೆ ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿ ದೂರದ ಊರಿಗೆ ಕಳುಹಿಸಿ ವಾರಗಟ್ಟಲೆ ಕಾಯಬೇಕಿತ್ತು. ಮುಕ್ತ ತಂತ್ರಾಂಶದ ದೊಡ್ಡ ಲಾಭ ದುಡ್ಡಿನ ಉಳಿತಾಯ ಎಂದು ಬಹಳ ಜನ ಭಾವಿಸುತ್ತಾರೆ. ನನಗೆ ಕಂಡ ಲಾಭ ಬೇರೆ: ಏಕೆ ಬಿತ್ತು ಎಂಬುದನ್ನು ಬಿದ್ದ ಊರಿನಲ್ಲಿಯೇ, ಆ ಊರಿನವರೇ ತಿಳಿದುಕೊಳ್ಳಬಹುದು.

ಇದೇ ಸಾಲಿನಲ್ಲಿ ಇನ್ನೊಂದು ಎಚ್ಚರಿಕೆ. ಆರ್ಡುಪೈಲಟ್ ನಡೆಸುವ ಕಾಪ್ಟರ್ (ಪಂಕಗಳಿಂದಲೇ ಹಾರುವ) ಮಾದರಿಯಲ್ಲಿ ಸಂಪರ್ಕ ಕಡಿದಾಗ ಮನೆಗೆ ಮರಳುವ ಎತ್ತರ ಮೊದಲಿಂದ 15 ಮೀಟರ್ ಎಂದು ಹೊಂದಿಸಿರುತ್ತದೆ. ಬಯಲಿನಲ್ಲಿ ಆಟವಾಡುವವರಿಗೆ ಅದು ಸರಿ, ದೊಡ್ಡ ಮರಗಳಿರುವ ಗುಡ್ಡದಲ್ಲಿ ಅಪಾಯ. ನಡುದಾರಿಯಲ್ಲಿ ತೊಂದರೆಯಾದರೆ ಇಳಿಯಲು ಸುರಕ್ಷಿತ ತಾಣಗಳನ್ನು ರ‍್ಯಾಲಿ ಪಾಯಿಂಟ್ ಎಂದು ಗುರುತಿಸಿಟ್ಟರೆ, ಯಂತ್ರ ಮನೆಗೇ ಬರಲು ಹೆಣಗುವ ಬದಲು ಹತ್ತಿರದ ತಾಣಕ್ಕೆ ಹೋಗುತ್ತದೆ. ಆಟೋಪೈಲಟ್ ನಂಬುವ ನೆಲದ ಎತ್ತರದ ಮಾಹಿತಿ ಬಹುತೇಕ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ಅನಂತರ ಬೆಳೆದ ಮರ, ನಿಲ್ಲಿಸಿದ ಗೋಪುರ, ಎಳೆದ ವಿದ್ಯುತ್ ತಂತಿ ಯಾವುದೂ ಅದರಲ್ಲಿಲ್ಲ. ಮಾರ್ಗದ ಉದ್ದಕ್ಕೂ ಒಮ್ಮೆಯಾದರೂ ಕಾಲಿನಲ್ಲಿ ನಡೆದು ತಂತಿಗಳನ್ನು ಎಣಿಸಿಕೊಂಡು ಬನ್ನಿ. ಕಣಿವೆ ದಾಟುವ ವಿದ್ಯುತ್ ತಂತಿ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಕೆಳಗೆ ನಿಂತು ನೋಡಿದಾಗಲೇ ಅಂದಾಜಾಗುವುದು.

ಈಗ ಯಂತ್ರದ ಆಯ್ಕೆ. ಇಲ್ಲಿ ಲೆಕ್ಕ ಹಾಕದೆ ಮುಂದೆ ಹೋಗಬೇಡಿ. ಸರಕೂ ಸೇರಿ ನಾಲ್ಕು ಕೆ.ಜಿ. ತೂಗುವ ಡ್ರೋನ್ ಇದೆ ಎಂದುಕೊಳ್ಳೋಣ. ಅದರಲ್ಲಿ ಹೆಚ್ಚುಕಡಿಮೆ ಎರಡು ಕೆ.ಜಿ. ಬ್ಯಾಟರಿಯೇ, ಅದರ ಸಾಮರ್ಥ್ಯ ಸುಮಾರು 355 ವ್ಯಾಟ್-ಗಂಟೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಐದರಲ್ಲಿ ನಾಲ್ಕು ಪಾಲು ಬಳಸಿದರೆ 284. ನಾಲ್ಕು ರೆಕ್ಕೆಪಂಕದ ಡ್ರೋನ್ ಗಾಳಿಯಲ್ಲಿ ನಿಲ್ಲಲೇ ಸುಮಾರು 700 ವ್ಯಾಟ್ ಬೇಡುತ್ತದೆ. ಅಂದರೆ 24 ನಿಮಿಷದ ಹಾರಾಟ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹೋಗಿಬರುವ ದೂರ ಒಟ್ಟು 17 ಕಿಲೋಮೀಟರ್, ಒಂದು ಕಡೆಗೆ 8.6.

ಇದು ಗಾಳಿಯೇ ಇಲ್ಲದ ದಿನದ ಲೆಕ್ಕ. ಸೆಕೆಂಡಿಗೆ 8 ಮೀಟರ್ ಗಾಳಿ ಬೀಸುತ್ತಿದೆ ಎನ್ನಿ. ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನಿಂದ ತಳ್ಳುವ ಗಾಳಿ, ಎರಡೂ ಸರಿಹೋಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಸರಿಹೋಗುವುದಿಲ್ಲ. ಎದುರುಗಾಳಿಯಲ್ಲಿ ವೇಗ 12ರಿಂದ 4ಕ್ಕೆ ಇಳಿಯುತ್ತದೆ, ಮರಳುವಾಗ 20ಕ್ಕೆ ಏರುತ್ತದೆ. ನಿಧಾನವಾಗಿ ಸಾಗಿದ ಹೊತ್ತೇ ಬ್ಯಾಟರಿಯನ್ನು ತಿಂದುಹಾಕುತ್ತದೆ. ಗುಣಿಸಿ ನೋಡಿದರೆ ಒಂದು ಕಡೆಯ ದೂರ 4.8 ಕಿಲೋಮೀಟರಿಗೆ ಕುಸಿಯುತ್ತದೆ. ರಸ್ತೆ ಹಾಳಾಗುವುದು ಮಳೆಗಾಲದಲ್ಲಿ, ಗಾಳಿ ಜೋರಾಗುವುದೂ ಮಳೆಗಾಲದಲ್ಲಿ. ನಿಮಗೆ ಡ್ರೋನ್ ಅತಿಯಾಗಿ ಬೇಕಾದ ದಿನವೇ ಅದರ ಕೈಗೆ ಎಟುಕುವ ದೂರ ಅತಿ ಕಡಿಮೆಯಾಗಿರುತ್ತದೆ.

ಅದೇ ನಾಲ್ಕು ಕೆ.ಜಿ.ಯನ್ನು ವಿಮಾನದಂತೆ ಸ್ಥಿರ ರೆಕ್ಕೆಯ ಮೇಲೆ ಹೊರಿಸಿದರೆ ಲೆಕ್ಕವೇ ಬೇರೆ. ಒಳ್ಳೆಯ ರೆಕ್ಕೆ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಮಾತ್ರ ಗಾಳಿಯ ತಡೆ ಎದುರಿಸುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೋಟಾರಿನ ನಷ್ಟ ಸೇರಿಸಿ 140 ವ್ಯಾಟ್ ಸಾಕು. ಎರಡು ಗಂಟೆ ಹಾರಾಟ, ಲೆಕ್ಕದಲ್ಲಿ 140 ಕಿಲೋಮೀಟರಿಗೂ ಹೆಚ್ಚು. ಕಾಯ್ದಿರಿಸಿದ ಶಕ್ತಿ, ಗಾಳಿ, ಏರುದಾರಿ ಎಲ್ಲ ಕಳೆದು ಅರ್ಧ ಉಳಿದರೂ ಬೇಕಾದಷ್ಟಾಯಿತು. ಆದರೆ ವಿಮಾನಕ್ಕೆ ಓಡುದಾರಿ ಬೇಕು. ಅದಕ್ಕಾಗಿಯೇ ನೇರವಾಗಿ ಮೇಲೇಳುವ ನಾಲ್ಕು ಪಂಕಗಳನ್ನೂ ರೆಕ್ಕೆಯನ್ನೂ ಒಟ್ಟಿಗೆ ಜೋಡಿಸಿದ ಕ್ವಾಡ್‌ಪ್ಲೇನ್ ಮಾದರಿ ಬಂದಿದೆ. ಆರ್ಡುಪೈಲಟ್, ಪಿಎಕ್ಸ್-4 ಎರಡೂ ಇದನ್ನು ನಡೆಸುತ್ತವೆ. ಏರಲು ಒಂದು ನಿಮಿಷ, ಇಳಿಯಲು ಒಂದು ನಿಮಿಷ ಬ್ಯಾಟರಿ ಸುರಿದು ಮಿಕ್ಕ ದಾರಿಯನ್ನು ರೆಕ್ಕೆಯ ಮೇಲೆ ಸಾಗುತ್ತದೆ. ನಿಮ್ಮ ಹಳ್ಳಿಗಳು ಐದು ಕಿಲೋಮೀಟರಿಗಿಂತ ಆಚೆ ಇದ್ದರೆ ಇದೇ ನಿಮ್ಮ ಯಂತ್ರ. ಇನ್ನೊಂದು ಮಾತು: ಸಮುದ್ರಮಟ್ಟಕ್ಕೆ ಹೋಲಿಸಿದರೆ 2000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಐದನೇ ಒಂದು ಪಾಲು ಕಡಿಮೆ. ಬಯಲುಸೀಮೆಯಲ್ಲಿ ಪರೀಕ್ಷಿಸಿ ತಂದ ಯಂತ್ರವನ್ನು ಗುಡ್ಡದಲ್ಲಿ ಅದೇ ಸರಕಿನೊಂದಿಗೆ ನಂಬಬೇಡಿ.

ಜಾಲದ ಆಕಾರದ ವಿಚಾರಕ್ಕೆ ಬರುತ್ತೇನೆ. ಈ ಕನಸಿಗೆ ಒಂದು ಚಿಕ್ಕ ಚರಿತ್ರೆ ಇದೆ. 2011ರಲ್ಲಿ ಆರಂಭವಾದ ಡ್ರೋನ್ ಸಾಗಣೆ ಕಂಪನಿ ಮ್ಯಾಟರ್‌ನೆಟ್‌ನ ಆಂಡ್ರಿಯಾಸ್ ರಾಪ್ಟೊಪೌಲೋಸ್ 2013ರ ಭಾಷಣವೊಂದರಲ್ಲಿ, ಜಗತ್ತಿನ ನೂರು ಕೋಟಿ ಜನರಿಗೆ ವರ್ಷವಿಡೀ ಬಳಸಬಲ್ಲ ರಸ್ತೆಯಿಲ್ಲ ಎಂದು ಹೇಳಿ ಒಂದು ಚಿತ್ರ ಮುಂದಿಟ್ಟರು. ಇಂಟರ್ನೆಟ್‌ನಲ್ಲಿ ಮಾಹಿತಿಯ ಪೊಟ್ಟಣಗಳು ಕೊಂಡಿಯಿಂದ ಕೊಂಡಿಗೆ ಜಿಗಿಯುವಂತೆ ಡ್ರೋನ್‌ಗಳು ಒಂದು ನಿಲ್ದಾಣದಿಂದ ಮುಂದಿನದಕ್ಕೆ, ಅಲ್ಲಿ ಬ್ಯಾಟರಿ ಬದಲಿಸಿ ಮತ್ತೆ ಮುಂದಕ್ಕೆ ಹೋಗಬೇಕು. ಎರಡು ಕೆ.ಜಿ. ಸರಕು, ಹತ್ತು ಕಿಲೋಮೀಟರ್ ದೂರ. ಹಲವರು ಅದನ್ನೇ ಮುಕ್ತ ಜಾಲವಾಗಿ, ಯಾರು ಬೇಕಾದರೂ ನಿಲ್ದಾಣ ಸೇರಿಸಬಲ್ಲ ವ್ಯವಸ್ಥೆಯಾಗಿ ಕಂಡರು. ಆ ಚಿತ್ರ ನನಗೂ ಬಹಳ ಹಿಡಿಸಿತ್ತು.

ನಿಜದಲ್ಲಿ ಬೇರೂರಿದ್ದು ಬೇರೆಯೇ ಆಕಾರ. 2016ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ರುವಾಂಡಾ ದೇಶದ ಮುಹಾಂಗಾದಲ್ಲಿ ಜಿಪ್‌ಲೈನ್ ಕಂಪನಿ ರಕ್ತ ಸಾಗಿಸಲು ಆರಂಭಿಸಿತು. ಒಂದೇ ನೆಲೆ, ಸುತ್ತ 80 ಕಿಲೋಮೀಟರ್ ವ್ಯಾಪ್ತಿ, ಸ್ಥಿರ ರೆಕ್ಕೆಯ ಯಂತ್ರ. ಕವಣೆಯಂತೆ ಎಸೆದು ಹಾರಿಸುತ್ತಾರೆ. ಆಸ್ಪತ್ರೆಯ ಮೇಲೆ ಹೋಗಿ ಪುಟ್ಟ ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆ ಬೀಳಿಸಿ, ಅಲ್ಲಿ ಇಳಿಯದೆ ಮರಳುತ್ತದೆ. ನೆಲೆಯಲ್ಲಿ ಅಡ್ಡಲಾಗಿ ಕಟ್ಟಿದ ತಂತಿಗೆ ಬಾಲದ ಕೊಕ್ಕೆ ಸಿಕ್ಕಿಸಿ ನಿಲ್ಲಿಸುತ್ತಾರೆ. ಪಡೆಯುವ ಆಸ್ಪತ್ರೆಯಲ್ಲಿ ಯಂತ್ರವಿಲ್ಲ, ಚಾರ್ಜರ್ ಇಲ್ಲ, ತರಬೇತಿ ಪಡೆದ ಚಾಲಕ ಇಲ್ಲ. ವೈದ್ಯರು ವಾಟ್ಸ್‌ಆ್ಯಪ್‌ನಲ್ಲೋ ಫೋನಿನಲ್ಲೋ ಕೇಳಿದರೆ ಸಾಕು. ಅಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಡ್ರೋನ್ ಬಂದು ಒಂದು ವರ್ಷದಲ್ಲಿ ಅವಧಿ ಮೀರಿ ಎಸೆಯುವ ರಕ್ತ ಮೂರರಲ್ಲಿ ಎರಡು ಪಾಲು ತಗ್ಗಿತ್ತು. ವೇಗಕ್ಕಿಂತ ಈ ಅಂಶ ನನ್ನನ್ನು ಹೆಚ್ಚು ತಟ್ಟಿತು. ಬೇಕಾದಾಗ ಬರುತ್ತದೆ ಎಂಬ ನಂಬಿಕೆ ಇದ್ದರೆ ಪ್ರತಿ ಆಸ್ಪತ್ರೆಯೂ ಇರಲಿ ಎಂದು ತುಂಬಿಟ್ಟುಕೊಳ್ಳುವುದಿಲ್ಲ.

ಜಿಪ್‌ಲೈನ್‌ನ ಯಂತ್ರ, ತಂತ್ರಾಂಶ ಮುಚ್ಚಿದ್ದೇ. ಆದರೂ ಅದರಿಂದ ಕಲಿಯಬೇಕಾದ ಪಾಠ ಸ್ಪಷ್ಟ: ಕಷ್ಟವನ್ನೆಲ್ಲ ಒಂದೇ ನೆಲೆಯಲ್ಲಿ ಇಟ್ಟುಕೊಳ್ಳಿ, ಹಳ್ಳಿಯ ತುದಿಯನ್ನು ಹಗುರವಾಗಿಡಿ. ಹನ್ನೆರಡು ಹಳ್ಳಿಗಳಲ್ಲಿ ಹನ್ನೆರಡು ನಿಲ್ದಾಣ ಕಟ್ಟಿದರೆ ಹನ್ನೆರಡು ಕಡೆ ಚಾರ್ಜರ್ ಕೆಡುತ್ತದೆ, ಹನ್ನೆರಡು ಕಡೆ ತರಬೇತಿ ಪಡೆದವರು ಬೇರೆ ಊರಿಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ನೆಲೆ, ಸುತ್ತ ಹನ್ನೆರಡು ಬಯಲುಗಳು. ಈ ಆಕಾರವೇ ನಿಮಗೆ ಸರಿ.

ಆದರೆ ಒಂದು ವಿಷಯದಲ್ಲಿ ನಾನು ರುವಾಂಡಾದ ದಾರಿ ಬಿಟ್ಟು ನೇಪಾಳದ ಕಡೆ ನೋಡಿ ಎನ್ನುತ್ತೇನೆ. ಬೀಳಿಸಿ ಹೋಗುವ ಯಂತ್ರ ಏನನ್ನೂ ಮರಳಿ ತರುವುದಿಲ್ಲ. ನೇಪಾಳದ ಪ್ಯೂಠಾನ್ ಜಿಲ್ಲೆಯಲ್ಲಿ ಕ್ಷಯರೋಗ ಪರೀಕ್ಷೆಗೆ ಕಫದ ಮಾದರಿಗಳನ್ನು ಬೆಟ್ಟದ ಉಪಕೇಂದ್ರಗಳಿಂದ ಪ್ರಯೋಗಾಲಯಕ್ಕೆ ಡ್ರೋನ್‌ನಲ್ಲಿ ತಂದರು. ಗುಡ್ಡದಿಂದ ಇಳಿದು ಬರಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾದ ರೋಗಿ ಮನೆಯ ಹತ್ತಿರವೇ ಪರೀಕ್ಷೆಗೆ ಕೊಡಬಹುದು. ಔಷಧ ಮೇಲೆ ಹೋಗುವುದಕ್ಕಿಂತ ಮಾದರಿ ಕೆಳಗೆ ಬರುವುದೇ ಹೆಚ್ಚು ಜನರಿಗೆ ನೆರವಾಗುತ್ತದೆ ಎಂದು ನಾನು ನಂಬುತ್ತೇನೆ. ಔಷಧವನ್ನು ಮಳೆಗಾಲಕ್ಕೆ ಮುನ್ನ ಹೊತ್ತು ತಂದು ಸಂಗ್ರಹಿಸಿಡಬಹುದು. ರೋಗಿಯ ರಕ್ತವನ್ನಾಗಲಿ ಕಫವನ್ನಾಗಲಿ ಮೊದಲೇ ಸಂಗ್ರಹಿಸಿಡಲು ಬರುವುದಿಲ್ಲ.

ಹಾಗೆಂದು ಮಾದರಿ ಬೇಗ ತಲುಪಿದರೆ ಕೆಲಸ ಮುಗಿಯಿತು ಎಂದಲ್ಲ. ಆಫ್ರಿಕಾದ ಮಲಾವಿಯಲ್ಲಿ 2016ರ ಮಾರ್ಚ್‌ನಲ್ಲಿ ಯುನಿಸೆಫ್ ಎಳೆಯ ಶಿಶುಗಳ ಎಚ್‌ಐವಿ ಪರೀಕ್ಷೆಯ ರಕ್ತದ ಮಾದರಿ ಸಾಗಿಸಲು ಡ್ರೋನ್ ಪ್ರಯೋಗ ನಡೆಸಿತು. ಆಗ ಅಲ್ಲಿ ಮಾದರಿ ಪ್ರಯೋಗಾಲಯ ತಲುಪಲು ಸರಾಸರಿ 11 ದಿನ, ಫಲಿತಾಂಶ ಮರಳಲು ಎಂಟು ವಾರದವರೆಗೆ ಬೇಕಾಗುತ್ತಿತ್ತು. ಡ್ರೋನ್ ಆ 11 ದಿನವನ್ನು ಒಂದು ಗಂಟೆಗೆ ಇಳಿಸಿದರೂ ಉಳಿದ ವಾರಗಳು ಪ್ರಯೋಗಾಲಯದ ಸರದಿಯಲ್ಲೇ ಕಳೆಯುತ್ತವೆ. ಆದ್ದರಿಂದ ಡ್ರೋನ್ ಕೊಳ್ಳುವ ಮುನ್ನ ನಿಮ್ಮ ಪ್ರಯೋಗಾಲಯಕ್ಕೆ ಹೋಗಿ ಕೇಳಿ: ದಿನಕ್ಕೆ ಎಷ್ಟು ಮಾದರಿ ನೋಡಬಲ್ಲಿರಿ? ಉತ್ತರ ಹೇಗೆ ಕಳುಹಿಸುತ್ತೀರಿ? ಅವರ ಕಡೆ ತೊಡಕಿದ್ದರೆ ಮೊದಲು ಬಿಡಿಸಬೇಕಾದದ್ದು ಅದನ್ನೇ.

ಏನನ್ನು ಸಾಗಿಸಬೇಕು ಎಂಬುದಕ್ಕೆ ನನ್ನ ಅಳತೆಗೋಲು ಇಷ್ಟೇ: ತೂಕ ಕಡಿಮೆ, ಅಗತ್ಯ ತುರ್ತು, ಮೊದಲೇ ಇಟ್ಟುಕೊಳ್ಳಲು ಬಾರದ್ದು. ರಕ್ತದ ಪ್ಲೇಟ್‌ಲೆಟ್ ಒಳ್ಳೆಯ ಉದಾಹರಣೆ. 20ರಿಂದ 24 ಡಿಗ್ರಿಯಲ್ಲಿಟ್ಟರೂ ಸಾಮಾನ್ಯವಾಗಿ ಐದೇ ದಿನ ಬಾಳುತ್ತದೆ, ಸಣ್ಣ ಆಸ್ಪತ್ರೆ ಇಟ್ಟುಕೊಳ್ಳಲಾರದು. ಹಾವಿನ ವಿಷಕ್ಕೆ ಪ್ರತಿವಿಷ, ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಇವೂ ಆ ಸಾಲಿನವು. ಲಸಿಕೆಗೆ 2ರಿಂದ 8 ಡಿಗ್ರಿಯ ಶೀತ ಸರಪಳಿ ಬೇಕು. ಪೆಸಿಫಿಕ್ ಸಾಗರದ ವನುವಾಟು ದ್ವೀಪರಾಷ್ಟ್ರದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಮಾರು 40 ಕಿಲೋಮೀಟರ್ ಗುಡ್ಡಗಾಡು ದಾಟಿ ಡ್ರೋನ್ ತಂದ ಲಸಿಕೆಯನ್ನು ಒಂದು ತಿಂಗಳ ಮಗುವಿಗೆ ಹಾಕಿದರು. ಮಂಜಿನ ಪೊಟ್ಟಣ, ಥರ್ಮೋಕೋಲ್ ಪೆಟ್ಟಿಗೆ, ಜೊತೆಗೆ ತಾಪಮಾನ ಮೀರಿದರೆ ತಿಳಿಸುವ ಸೂಚಕ, ಅಷ್ಟೇ ಸಲಕರಣೆ. ಆ ಸೂಚಕವನ್ನು ಮರೆಯಬೇಡಿ. ಹಾಳಾದ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ. ರೋಗಿಯ ಮಾದರಿಗಳಿಗೆ ಸೋರದ ಮೂರು ಪದರದ ಪೊಟ್ಟಣ ಕಟ್ಟುವ ಅಂತರರಾಷ್ಟ್ರೀಯ ಪದ್ಧತಿ ಇದೆ, ಡ್ರೋನ್ ಬಿದ್ದರೂ ಕೊಳವೆ ಒಡೆದು ಯಾರ ಮೇಲೂ ಚೆಲ್ಲಬಾರದು.

ರೋಗಿಯನ್ನು ಡ್ರೋನ್ ಹೊರಲಾರದು ಎಂಬುದನ್ನು ನೀವು ಹಳ್ಳಿಯವರಿಗೆ ಮೊದಲ ದಿನವೇ ಹೇಳಬೇಕು. ಹೆರಿಗೆ ನೋವಿನಲ್ಲಿರುವ ತಾಯಿಗೆ ಬೇಕಾದದ್ದು ರಸ್ತೆ, ಸೇತುವೆ, ಹೊತ್ತೊಯ್ಯುವ ಜನ. ಡ್ರೋನ್ ಬಂದಿದೆಯಲ್ಲ, ರಸ್ತೆಗೆ ಅವಸರವೇನು ಎಂದು ಯಾವ ಅಧಿಕಾರಿಯೂ ಹೇಳಲು ನಿಮ್ಮ ಕೆಲಸ ನೆಪವಾಗಬಾರದು.

ಬ್ಯಾಟರಿಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಜಾಲಗಳು ಸದ್ದಿಲ್ಲದೆ ಸಾಯುವುದು ಇಲ್ಲಿಯೇ. ಲಿಥಿಯಂ ಪಾಲಿಮರ್ ಬ್ಯಾಟರಿ ಎಂಬುದು ಗಾಡಿಯ ಟೈರಿನಂತೆ ಸವೆಯುವ ವಸ್ತು. ಒಂದನ್ನು 300 ಸಲ ತುಂಬಿ ಬಳಸಬಹುದು ಎಂದು ಹಿಡಿದರೆ, ದಿನಕ್ಕೆ ಹತ್ತು ಹಾರಾಟ, ವರ್ಷಕ್ಕೆ 300 ದಿನ ಎಂದಾಗ ವರ್ಷಕ್ಕೆ ಹತ್ತು ಬ್ಯಾಟರಿ ಎಸೆಯಬೇಕಾಗುತ್ತದೆ. ಮೊದಲ ವರ್ಷದ ಯಂತ್ರಕ್ಕೆ ಹಣ ಕೊಡುವ ದಾನಿಗಳು ಸಿಗುತ್ತಾರೆ. ಮೂರನೇ ವರ್ಷದ ಬ್ಯಾಟರಿಗೆ ಹಣ ಕೊಡುವವರು ಯಾರು ಎಂದು ಈಗಲೇ ಬರೆದಿಡಿ. ಪ್ರತಿ ಬ್ಯಾಟರಿಗೆ ಸಂಖ್ಯೆ ಹಾಕಿ, ಎಷ್ಟು ಸಲ ತುಂಬಿದಿರಿ ಎಂದು ಪುಸ್ತಕದಲ್ಲಿ ಗೀಟು ಹಾಕಿ. ಬಳಸದೆ ಇಡುವಾಗ ಪ್ರತಿ ಕೋಶ 3.8 ವೋಲ್ಟ್‌ನಲ್ಲಿರಲಿ, ಪೂರ್ತಿ ತುಂಬಿ 4.2ರಲ್ಲಿ ಇಟ್ಟ ಬ್ಯಾಟರಿ ಬೇಗ ಊದಿಕೊಳ್ಳುತ್ತದೆ. ಊದಿದ ಬ್ಯಾಟರಿಯನ್ನು ಇದೊಂದು ಸಲ ಎಂದು ಯಾರೂ ಹಾರಿಸಬಾರದು.

ಅನುಮತಿಯ ವಿಚಾರ ದೇಶದಿಂದ ದೇಶಕ್ಕೆ ಬೇರೆ, ಆದರೆ ಎಲ್ಲೆಡೆ ಕಷ್ಟದ ಗಂಟು ಒಂದೇ: ಚಾಲಕನ ಕಣ್ಣಳತೆ ಮೀರಿ ಹಾರಿಸುವುದು. ಅನೇಕ ದೇಶಗಳಲ್ಲಿ ಸಾಮಾನ್ಯ ಎತ್ತರದ ಮಿತಿ 120 ಮೀಟರ್. ಅದನ್ನೂ ಕಣ್ಣಳತೆಯನ್ನೂ ಮೀರಲು ವಿಶೇಷ ಅನುಮತಿ ಬೇಕು. ಇಲ್ಲಿ ನೀವೇ ಜೋಡಿಸಿದ ಯಂತ್ರಕ್ಕೆ ಅನನುಕೂಲವಿದೆ, ಮುಚ್ಚಿಡದೆ ಹೇಳುತ್ತೇನೆ. ಪ್ರಮಾಣಪತ್ರ ಪಡೆದ ಕಂಪನಿ ಯಂತ್ರವನ್ನು ಅಧಿಕಾರಿಗಳು ಬೇಗ ಒಪ್ಪುತ್ತಾರೆ. ಮಲಾವಿ ಸರ್ಕಾರ 2017ರ ಜೂನ್‌ನಲ್ಲಿ ಯುನಿಸೆಫ್ ಜೊತೆ ಕಸುಂಗು ವಿಮಾನತಾಣದ ಸುತ್ತ 40 ಕಿಲೋಮೀಟರ್ ವ್ಯಾಪ್ತಿ, 400 ಮೀಟರ್ ಎತ್ತರದವರೆಗಿನ ಆಕಾಶವನ್ನು ಇಂಥ ಪ್ರಯೋಗಗಳಿಗೆಂದೇ ತೆರೆದಿಟ್ಟಿತು. ಅದನ್ನೇ ಮಾದರಿಯಾಗಿ ಮುಂದಿಟ್ಟು ಕೇಳಿ. ಇಡೀ ಆಕಾಶ ಬೇಡ, ಮನೆಗಳಿಲ್ಲದ ಕಣಿವೆಯ ಮೇಲಿನ ಒಂದು ದಾರಿ ಸಾಕು ಎಂದು ಕೇಳಿದವರಿಗೆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು. ಅರ್ಜಿಯೊಂದಿಗೆ ನೂರು ಹಾರಾಟಗಳ ದಾಖಲೆ ಲಗತ್ತಿಸಿ, ತೊಂದರೆಯಾದವುಗಳನ್ನೂ ಸೇರಿಸಿ. ತಂತ್ರಾಂಶದ ಒಂದು ಆವೃತ್ತಿಯನ್ನು ಪರೀಕ್ಷಿಸಿ ಗಟ್ಟಿ ಮಾಡಿಕೊಂಡ ಮೇಲೆ ಮಳೆಗಾಲ ಮುಗಿಯುವವರೆಗೆ ಹೊಸ ಆವೃತ್ತಿ ಹಾಕಬೇಡಿ.

ಸಂಪರ್ಕದ ಬಗ್ಗೆ ಎರಡು ಮಾತು. ರಸ್ತೆಯಿಲ್ಲದಲ್ಲಿ ಮೊಬೈಲ್ ಗೋಪುರವೂ ಸಾಮಾನ್ಯವಾಗಿ ಇರುವುದಿಲ್ಲ, ರೇಡಿಯೋ ಅಲೆ ಗುಡ್ಡವನ್ನು ದಾಟುವುದಿಲ್ಲ. ಸಂಪರ್ಕ ಕಡಿಯುವುದು ಅಪಘಾತವಲ್ಲ, ನಿಮ್ಮ ದಾರಿಯಲ್ಲಿ ಪ್ರತಿದಿನ ಆಗುವ ಸಂಗತಿ ಎಂದೇ ಯೋಜನೆ ಮಾಡಿ. ಅರ್ಧ ದಾರಿ ದಾಟಿದ್ದರೆ ಮುಂದಕ್ಕೆ ಹೋಗಲಿ, ದಾಟಿಲ್ಲದಿದ್ದರೆ ಹಿಂದಿರುಗಲಿ. ಇನ್ನೊಂದು, ಮ್ಯಾವ್‌ಲಿಂಕ್ ಸಂದೇಶಗಳು ಗುಪ್ತಲಿಪಿಯಲ್ಲಿ ಹೋಗುವುದಿಲ್ಲ. ಎರಡನೇ ಆವೃತ್ತಿಯಲ್ಲಿ ಸಂದೇಶಕ್ಕೆ ಗುಟ್ಟಿನ ಸಹಿ ಹಾಕುವ ವ್ಯವಸ್ಥೆ ಇದೆ. ಅದನ್ನು ಚಾಲೂ ಮಾಡದಿದ್ದರೆ ಅದೇ ತರಂಗಾಂತರದ ರೇಡಿಯೋ ಇರುವ ಯಾರು ಬೇಕಾದರೂ ನಿಮ್ಮ ಡ್ರೋನ್‌ಗೆ ಆಜ್ಞೆ ಕೊಡಬಹುದು.

ಕ್ಯಾಮೆರಾ ತೆಗೆದುಹಾಕಿ. ಔಷಧ ಹೊರುವ ಯಂತ್ರಕ್ಕೆ ಅದು ಬೇಕಿಲ್ಲ. ತಲೆಯ ಮೇಲೆ ಹಾರುವ ಕಣ್ಣಿಗೆ ಜನ ಅಂಜುತ್ತಾರೆ, ಆ ಅಂಜಿಕೆ ನ್ಯಾಯವಾದದ್ದೇ. ಪ್ರತಿ ಹಳ್ಳಿಯಲ್ಲಿ ಯಂತ್ರವನ್ನು ನೆಲದ ಮೇಲಿಟ್ಟು, ಮಕ್ಕಳಿಗೂ ಹಿರಿಯರಿಗೂ ಮುಟ್ಟಿ ನೋಡಲು ಬಿಟ್ಟು, ಒಳಗೆ ಏನಿದೆ ಏನಿಲ್ಲ ಎಂದು ತೋರಿಸಿದ ಮೇಲೆಯೇ ಮೊದಲ ಹಾರಾಟ ಮಾಡಿ.

ಕಂಪನಿಯನ್ನು ಕರೆಯಬೇಕೇ ಎಂದು ಕೇಳಿದ್ದೀರಿ. ದಿನಕ್ಕೆ ನೂರಾರು ಹಾರಾಟ ಬೇಕಿದ್ದು ಸರ್ಕಾರ ವರ್ಷಗಟ್ಟಲೆ ಹಣ ಕೊಡಲು ಸಿದ್ಧವಿದ್ದರೆ ಕರೆಯಬಹುದು. ಹನ್ನೆರಡು ಹಳ್ಳಿಗೆ, ದಿನಕ್ಕೆ ನಾಲ್ಕಾರು ಹಾರಾಟಕ್ಕೆ ನಿಮ್ಮ ತಂಡವೇ ಸರಿ. ಅದಕ್ಕೆ ಆಧಾರವಿಲ್ಲದೆ ಹೇಳುತ್ತಿಲ್ಲ. ಮಲಾವಿಯಲ್ಲಿ 2020ರ ಜನವರಿಯಲ್ಲಿ ಆರಂಭವಾದ ಆಫ್ರಿಕನ್ ಡ್ರೋನ್ ಮತ್ತು ದತ್ತಾಂಶ ಅಕಾಡೆಮಿಯಲ್ಲಿ ಯುವಕ ಯುವತಿಯರಿಗೆ ಡ್ರೋನ್ ಕಟ್ಟಿ ಹಾರಿಸುವುದನ್ನು ಕಲಿಸಿದರು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ ರೂಪಿಸಿದ ಎಕೋಸೋರ್ ಎಂಬ ಯಂತ್ರದ ಮೈ ಭಿತ್ತಿಪತ್ರ ಅಂಟಿಸುವ ಫೋಮ್ ಹಲಗೆಯದು, ಕೀಲುಗಳು ಮೂರು ಆಯಾಮದ ಮುದ್ರಣದವು. ರೆಕ್ಕೆ ಮುರಿದರೆ ಚಾಕು, ಅಂಟು, ಒಂದು ಹಲಗೆ ಸಾಕು. ದುರಸ್ತಿ ನಿಮ್ಮ ಕೈಯಲ್ಲಿರುವ ಯಂತ್ರ ಸ್ವಲ್ಪ ಒರಟಾಗಿದ್ದರೂ ಮಳೆಗಾಲ ಪೂರ್ತಿ ಹಾರುತ್ತದೆ.

ಇನ್ನು ಎಲ್ಲಿಂದ ಆರಂಭಿಸುವುದು. ಬೋರ್ಡ್, ಮೋಟಾರು ಈಗಲೇ ಕೊಳ್ಳಬೇಡಿ. ಒಂದು ನೋಟ್‌ಬುಕ್ ಕೊಳ್ಳಿ. ಮುಂದಿನ ಮಳೆಗಾಲದ ಒಂದು ತಿಂಗಳು, ಪ್ರತಿ ಹಳ್ಳಿಯಿಂದ ಯಾವ ದಿನ ಏನು ಬೇಕಾಗಿತ್ತು, ಎಷ್ಟು ಗ್ರಾಂ, ಯಾವ ಹೊತ್ತಿಗೆ ಕೇಳಿದರು, ಕಾಲ್ನಡೆಯಲ್ಲಿ ತಲುಪಿದ್ದು ಯಾವಾಗ, ತಲುಪದೆ ಏನಾಯಿತು ಎಂದು ಬರೆಯಿರಿ. ಜೊತೆಗೆ ಪ್ರತಿ ಬೆಳಿಗ್ಗೆ ಎಂಟಕ್ಕೂ ಸಂಜೆ ನಾಲ್ಕಕ್ಕೂ ಗುಡ್ಡದ ಮೇಲೆ ಗಾಳಿಯ ವೇಗ ಅಳೆಯಿರಿ, ಅದಕ್ಕೆ ಅಂಗೈಯಲ್ಲಿ ಹಿಡಿಯುವ ಸಣ್ಣ ಮಾಪಕ ಸಾಕು. ಆ ಪುಸ್ತಕದಲ್ಲಿ ಹಾರಲು ಯೋಗ್ಯವಾದ ದಿನಗಳು ಎಷ್ಟು, ಆ ದಿನಗಳಲ್ಲಿ ಕೇಳಿಬಂದ ತುರ್ತು ಸರಕು ಎಷ್ಟು ಎಂಬುದು ಕಾಣುತ್ತದೆ. ಯಂತ್ರ ಎಷ್ಟು ದೊಡ್ಡದಿರಬೇಕು, ಅಥವಾ ಒಬ್ಬ ಗಟ್ಟಿ ಆಳು ಮತ್ತು ಒಂದು ಕಾಲುಸಂಕವೇ ಸಾಕೇ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಪುಟಗಳ ಫೋಟೋ ತೆಗೆದು, ಹಳ್ಳಿಗಳ ಎತ್ತರ ಗುರುತಿಸಿದ ನಕ್ಷೆಯೊಂದಿಗೆ ಕಳುಹಿಸಿಕೊಡಿ. ಬ್ಯಾಟರಿಯ ಲೆಕ್ಕವನ್ನು ಹಳ್ಳಿಯೊಂದೊಂದಕ್ಕೂ ಒಟ್ಟಿಗೆ ಕೂತು ಮಾಡೋಣ.